ಟ್ಯಾಬ್ಲೆಟ್ಟಿನ ಪರದೆಯನ್ನು ಇಬ್ಭಾಗಿಸುವುದು ಅವಶ್ಯವೇ?



ಮಂಚೇನಹಳ್ಳಿಯ ಸುತ್ತಮುತ್ತಲಿನ ಮನೆಗಳಲ್ಲಿ ಪುಸ್ತಕದ ಚೀಲದ ಪಕ್ಕದಲ್ಲಿ ಈಗ ಟ್ಯಾಬ್ಲೆಟ್ಟೆಂಬ ಗಾಜಿನ ಹಲಗೆಗೂ ಸ್ಥಳ ದೊರೆತಿದೆ. ಅದನ್ನು ಕೊಳ್ಳಹೊರಟ ತಾಯಿತಂದೆಗಳು ಕೇಳುವ ಪ್ರಶ್ನೆಯೊಂದುಂಟು: ಒಂದೇ ಪರದೆಯನ್ನು ಎರಡು ಪಾಲು ಮಾಡಿ ಎರಡು ಕೆಲಸಗಳನ್ನು ಒಟ್ಟಿಗೆ ತೋರಿಸುವ ಸೌಕರ್ಯವು ಅದರಲ್ಲಿ ಇರಲೇಬೇಕೆ? ಇದ್ದರೆ ಮಗಳ ವಿದ್ಯೆಗೆ ಹಿತವೋ, ಅಹಿತವೋ? ಈ ಪ್ರಶ್ನೆಯನ್ನು ಅಂಗಡಿಯವರ ತೀರ್ಮಾನಕ್ಕೆ ಬಿಟ್ಟುಬಿಡುವುದು ಯುಕ್ತವಲ್ಲವಾದ್ದರಿಂದ, ಉಪಾಧ್ಯಾಯ ವೃತ್ತಿಯವರ ದೃಷ್ಟಿಯಿಂದ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುತ್ತೇನೆ.

ಮೊದಲಿಗೆ ಈ ಸೌಕರ್ಯದ ವೃತ್ತಾಂತ. 2010ನೆಯ ಇಸವಿಯಲ್ಲಿ ಆಪಲ್ ಸಂಸ್ಥೆಯವರು ಐಪ್ಯಾಡನ್ನು ಹೊರತಂದಾಗ ಅದರ ಪರದೆಯ ಮೇಲೆ ಒಂದು ವೇಳೆಗೆ ಒಂದೇ ಕೆಲಸ ಕಾಣುತ್ತಿದ್ದಿತು. 2012ರಲ್ಲಿ ಸ್ಯಾಮ್‌ಸಂಗ್‌ನವರ ಗ್ಯಾಲಕ್ಸಿ ನೋಟ್ 10.1 ಎಂಬ ಟ್ಯಾಬ್ಲೆಟ್ಟಿನಲ್ಲಿ ಎರಡು ಕೆಲಸಗಳನ್ನು ಪಕ್ಕಪಕ್ಕದಲ್ಲಿ ಇಡಲು ಸಾಧ್ಯವಾಯಿತು. ಐಪ್ಯಾಡಿಗೆ ಈ ಅನುಕೂಲವು ಒದಗಿದ್ದು 2015ರಲ್ಲಿ; ಆಂಡ್ರಾಯ್ಡ್ ವ್ಯವಸ್ಥೆಯಲ್ಲಿಯೇ ಅದು ಅಡಕವಾದದ್ದು 2016ರ ಏಳನೆಯ ಆವೃತ್ತಿಯಿಂದ. ಹೀಗೆ ಕೆಲವೇ ವರ್ಷಗಳಲ್ಲಿ, ಇಲ್ಲದಿದ್ದುದು ಇದ್ದೇ ತೀರಬೇಕಾದದ್ದೆಂದು ಎಣಿಸಲ್ಪಡತೊಡಗಿತು.

ಇದನ್ನು ಆಕ್ಷೇಪಿಸುವವರ ಮಾತು ನಿರಾಧಾರವಾದದ್ದಲ್ಲ. ಬುದ್ಧಿಯನ್ನು ಬೇಡುವ ಎರಡು ಕೆಲಸಗಳನ್ನು ಮನಸ್ಸು ಏಕಕಾಲದಲ್ಲಿ ಮಾಡುವುದು ಬಹು ಕಷ್ಟ. ಸಾಮಾನ್ಯವಾಗಿ ಅದು ಒಂದರಿಂದ ಒಂದಕ್ಕೆ ಹಾರುತ್ತಿರುತ್ತದೆ, ಹಾಗೂ ಪ್ರತಿಯೊಂದು ಹಾರಾಟಕ್ಕೂ ಕಾಲವು ವೆಚ್ಚವಾಗುತ್ತದೆ. ಅಮೆರಿಕದ ರೂಬಿನ್‌ಸ್ಟೈನ್, ಮೆಯರ್ ಮತ್ತು ಇವಾನ್ಸ್ ಎಂಬ ಮನಶ್ಶಾಸ್ತ್ರಜ್ಞರು 2001ರಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿದರು. ಕೆಲಸವು ಜಟಿಲವಾದಷ್ಟೂ ನಷ್ಟವೂ ಹೆಚ್ಚೆಂದು ಕಂಡುಬಂದಿತು. "ನಮ್ಮ ಹೆಂಗಸರು ತೊಟ್ಟಿಲು ತೂಗುತ್ತಲೇ ಸಾರು ಕುದಿಸುವುದಿಲ್ಲವೇ?" ಎಂದು ಕೇಳಬಹುದು. ತೊಟ್ಟಿಲನ್ನು ಕೈ ತಾನಾಗಿಯೇ ತೂಗುತ್ತದೆ, ಬುದ್ಧಿಯು ಒಲೆಯ ಮೇಲಿರುತ್ತದೆ. ಆದರೆ ರೇಷ್ಮೆಹುಳು ಹಣ್ಣಾಗಿ ಚಂದ್ರಿಕೆಗೆ ಬಿಡಬೇಕಾದ ದಿನ ಇದೇ ತಾಯಂದಿರು ಮಿಕ್ಕ ಕೆಲಸಗಳನ್ನೆಲ್ಲ ಬದಿಗಿಟ್ಟು ಅದೊಂದನ್ನೇ ನೋಡುತ್ತಾರೆ. ಗಣಿತದ ಲೆಕ್ಕವೂ ಅಂಥದೇ. ಅರ್ಧ ಪರದೆಯಲ್ಲಿ ಲೆಕ್ಕ, ಅರ್ಧ ಪರದೆಯಲ್ಲಿ ಚಲನಚಿತ್ರ ಎಂದರೆ ಲೆಕ್ಕವೂ ಆಗಲಾರದು, ಚಿತ್ರವೂ ರುಚಿಸಲಾರದು.

ಇಷ್ಟರಿಂದಲೇ ಈ ಸೌಕರ್ಯವು ತ್ಯಾಜ್ಯವೆಂದು ತೀರ್ಪು ಕೊಡುವುದೂ ನ್ಯಾಯವಲ್ಲ. ಆಸ್ಟ್ರೇಲಿಯದ ಚಾಂಡ್ಲರ್ ಮತ್ತು ಸ್ವೆಲ್ಲರ್ ಎಂಬ ವಿದ್ವಾಂಸರು 1992ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೇರೊಂದು ಸಂಗತಿ ತಿಳಿದುಬರುತ್ತದೆ. ಒಂದೇ ವಿಷಯಕ್ಕೆ ಸೇರಿದ ಚಿತ್ರವೂ ವಿವರಣೆಯೂ ದೂರದೂರದಲ್ಲಿದ್ದರೆ, ಕಲಿಯುವವರು ಒಂದನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಮತ್ತೊಂದನ್ನು ಹುಡುಕಬೇಕಾಗುತ್ತದೆ. ಆ ಶ್ರಮದಲ್ಲಿಯೇ ಶಕ್ತಿಯು ವ್ಯಯವಾಗುತ್ತದೆ. ಅವೆರಡನ್ನೂ ಹತ್ತಿರ ತಂದರೆ ಕಲಿಕೆಯು ಹಗುರಾಗುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ಮಗ್ಗುಲಲ್ಲಿ ತೆರೆದಿಟ್ಟುಕೊಂಡು ಹಳಗನ್ನಡ ಕಾವ್ಯವನ್ನು ಓದಿದ ಹಿರಿಯರು ಎರಡು ಕೆಲಸಗಳನ್ನು ಮಾಡುತ್ತಿರಲಿಲ್ಲ. ಎರಡು ಗ್ರಂಥಗಳಿಂದ ಒಂದೇ ಕೆಲಸವನ್ನು ಮಾಡುತ್ತಿದ್ದರು. ಆದಕಾರಣ ಪರದೆಯ ಮೇಲೆ ಎಷ್ಟು ಕಿಟಕಿಗಳಿವೆ ಎಂಬುದು ಮುಖ್ಯವಲ್ಲ. ಅವುಗಳ ಹಿಂದಿರುವ ಕೆಲಸ ಒಂದೋ ಎರಡೋ ಎಂಬುದೇ ಮುಖ್ಯ.

ಈ ಸೌಕರ್ಯವು ನಿಜವಾಗಿ ಉಪಕರಿಸುವ ಸಂದರ್ಭವೊಂದು ನಮ್ಮ ಸೀಮೆಯಲ್ಲಿ ಕಣ್ಣೆದುರಿಗೇ ಇದೆ. ಇಲ್ಲಿನ ಅನೇಕ ಹುಡುಗಿಯರು ಮನೆಯಲ್ಲಿ ತೆಲುಗು ಆಡುತ್ತಾರೆ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದುತ್ತಾರೆ, ಎಸ್.ಎಸ್.ಎಲ್.ಸಿ. ಮುಗಿಸಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದೊಡನೆ ಪಾಠವೆಲ್ಲವೂ ಇಂಗ್ಲಿಷಿನಲ್ಲಿರುತ್ತದೆ. ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ಬಲ್ಲವಳು ಫೋಟೋಸಿಂಥೆಸಿಸ್ ಎಂಬ ಶಬ್ದದ ಮುಂದೆ ಮೂಕಳಾಗುತ್ತಾಳೆ. ತನಗೆ ಬುದ್ಧಿ ಸಾಲದೆಂದು ತಿಳಿದು ವಿಜ್ಞಾನವನ್ನೇ ಬಿಟ್ಟ ಹೆಣ್ಣುಮಕ್ಕಳುಂಟು. ಅವರಿಗೆ ಸಾಲದೆ ಹೋದದ್ದು ಬುದ್ಧಿಯಲ್ಲ, ಶಬ್ದಗಳು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅಂತರ್ಜಾಲದಲ್ಲಿ ಧರ್ಮಾರ್ಥವಾಗಿ ದೊರೆಯುತ್ತವೆ. ಹತ್ತನೆಯ ತರಗತಿಯ ಬೇಸಗೆ ರಜೆಯಲ್ಲಿ ಅದೇ ವಿಜ್ಞಾನ ಪುಸ್ತಕದ ಎರಡು ರೂಪಗಳನ್ನು ಪಕ್ಕಪಕ್ಕದಲ್ಲಿಟ್ಟು ದಿನಕ್ಕೆ ಎರಡು ಪುಟ ಓದಿದರೂ, ಜೂನಿನಲ್ಲಿ ಆಕೆಯು ಕಾಲೇಜಿಗೆ ಧೈರ್ಯದಿಂದ ಕಾಲಿಡುವಳು. ವಿ. ಕೃಷ್ಣ ಅವರ 'ಅಲರ್' ಕನ್ನಡ–ಇಂಗ್ಲಿಷ್ ನಿಘಂಟೂ ಅಂತರ್ಜಾಲದಲ್ಲಿ ಲಭ್ಯವಿದೆ. ಓದುವ ಪುಟದ ಮಗ್ಗುಲಲ್ಲಿ ಅದನ್ನೂ ತೆರೆದಿಡಬಹುದು.

ಕೊಳ್ಳುವವರು ಅಳತೆಯನ್ನು ಮರೆಯತಕ್ಕದ್ದಲ್ಲ. ಅಂಗಡಿಯಲ್ಲಿ ಹತ್ತು ಇಂಚು ಎನ್ನುವುದು ಮೂಲೆಯಿಂದ ಮೂಲೆಗೆ. ಅಂಥ ಅಗಲವಾದ ಟ್ಯಾಬ್ಲೆಟ್ಟನ್ನು ಅಡ್ಡಲಾಗಿ ಹಿಡಿದರೆ ಅಗಲವು ಸುಮಾರು ಎಂಟೂವರೆ ಇಂಚು. ಇಬ್ಭಾಗಿಸಿದರೆ ಒಂದೊಂದು ಪಾಲಿಗೆ ನಾಲ್ಕೂಕಾಲು ಇಂಚು ದಕ್ಕುತ್ತದೆ. ಎಂಟು ಇಂಚಿನದರಲ್ಲಿ ಮೂರೂವರೆಗೂ ಕಡಿಮೆ. ಒತ್ತಕ್ಷರಗಳು ಕೆಳಗಿಳಿಯುವ ನಮ್ಮ ಲಿಪಿಗೆ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಬರೆಯಹೊರಟರೆ ಕೀಲಿಮಣೆಯು ಪರದೆಯ ಕೆಳಭಾಗವನ್ನು ಆಕ್ರಮಿಸುತ್ತದೆ. 2011ರಲ್ಲಿ ಕೇಂದ್ರ ಸರಕಾರವು ವಿದ್ಯಾರ್ಥಿಗಳಿಗೆಂದು ಹೊರತಂದ 'ಆಕಾಶ್' ಟ್ಯಾಬ್ಲೆಟ್ಟಿನ ಪರದೆ ಏಳೇ ಇಂಚು, ಸ್ಮರಣಶಕ್ತಿ 256 ಎಂ.ಬಿ. ಮಾತ್ರ, ಅಂಥದರಲ್ಲಿ ಇಬ್ಭಾಗದ ಮಾತೇ ಏಳದು. ಈಗಲೂ ಸ್ಮರಣಶಕ್ತಿ ಸಾಲದ ಅಗ್ಗದ ಟ್ಯಾಬ್ಲೆಟ್ಟಿನಲ್ಲಿ ಎರಡು ಕಿಟಕಿಗಳನ್ನು ತೆರೆದರೆ ಎರಡೂ ತಡವರಿಸುತ್ತವೆ. ಆದಕಾರಣ ಚಿಕ್ಕ ಪರದೆಗೆ ಈ ಸೌಕರ್ಯವೊಂದರ ಸಲುವಾಗಿ ಸಾಲ ಮಾಡಿ ಹೆಚ್ಚು ಹಣ ತೆರುವುದು ವ್ಯರ್ಥ. ಹಲಗೆಯ ಮಗ್ಗುಲಲ್ಲಿ ಅಚ್ಚಾದ ಪುಸ್ತಕವನ್ನಿಟ್ಟುಕೊಂಡರೂ ಅದೇ ಫಲವುಂಟು, ಹಾಗೂ ನೋಟುಪುಸ್ತಕಕ್ಕೆ ಕೀಲಿಮಣೆಯ ತೊಂದರೆಯಿಲ್ಲ.

ಕಡೆಯದಾಗಿ ಪೋಷಕರಲ್ಲಿ ಒಂದು ವಿಜ್ಞಾಪನೆ. 2021ರ ಜೂನ್ ತಿಂಗಳಿನಲ್ಲಿ ನಮ್ಮ ರಾಜ್ಯ ಸರಕಾರವು ಸರಕಾರಿ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಹಂಚಲಾರಂಭಿಸಿದಾಗ, ಕೊಳ್ಳಲು ಶಕ್ತಿಯಿಲ್ಲದ ಮನೆಗಳ ಹೆಣ್ಣುಮಕ್ಕಳ ಕೈಗೂ ಅವು ಬಂದವು. ಕೈಗೆ ಬಂದದ್ದು ಕೈಯಲ್ಲಿ ಉಳಿಯುವುದು ಮನೆಯವರ ಮನಸ್ಸಿಗೆ ಸೇರಿದ ವಿಷಯ. ಪರದೆಯ ಒಂದು ಮೂಲೆಯಲ್ಲಿ ಹಾಡೊಂದು ಕಂಡಿತೆಂದು ಮಗಳಿಂದ ಹಲಗೆಯನ್ನೇ ಕಿತ್ತುಕೊಂಡು, ಮಗನ ಕೈಯಲ್ಲಿ ರಾತ್ರಿಯೆಲ್ಲ ಬಿಡುವುದು ಶಿಸ್ತಲ್ಲ, ಪಕ್ಷಪಾತ. ಒಂದೇ ಹಲಗೆಯಿರುವ ಮನೆಯಲ್ಲಿ ಮೊದಲು ಪಾಲು ಮಾಡಬೇಕಾದದ್ದು ಪರದೆಯನ್ನಲ್ಲ, ವೇಳೆಯನ್ನು. ಇಬ್ಬರು ಮಕ್ಕಳಿದ್ದರೆ ಇಬ್ಬರಿಗೂ ಸಮನಾದ ಗಂಟೆಗಳನ್ನು ಗೊತ್ತುಮಾಡಿರಿ. ಮಗಳು ಎರಡು ಕಿಟಕಿಗಳನ್ನು ತೆರೆದಿದ್ದರೆ ಗದರಿಸದೆ ಹತ್ತಿರ ಕುಳಿತು, "ಇವೆರಡೂ ಯಾವ ಪಾಠಕ್ಕೆ ಸೇರಿದವಮ್ಮಾ?" ಎಂದು ಕೇಳಿರಿ. ಅಕ್ಷರ ಬಾರದ ತಾಯಿಯೂ ಈ ಪ್ರಶ್ನೆಯನ್ನು ಕೇಳಬಲ್ಲಳು. ಉತ್ತರ ಹೇಳುವಾಗ ಮಗಳಿಗೂ ತನ್ನ ಕೆಲಸವು ಸ್ಪಷ್ಟವಾಗುವುದು. ಎರಡಕ್ಕೂ ಒಂದೇ ಪಾಠದ ಹೆಸರು ಹೇಳಿದರೆ ನಿಶ್ಚಿಂತೆಯಿಂದ ಓದಲು ಬಿಡಿರಿ; ಹೇಳಲಾರದೆ ಹೋದರೆ ಒಂದನ್ನು ಆಕೆಯ ಕೈಯಿಂದಲೇ ಮುಚ್ಚಿಸಿರಿ.