ನಾಮಫಲಕಗಳ ಕನ್ನಡ: ನಗೆಯೂ ಹೊಣೆಯೂ

ಪುಸ್ತಕವನ್ನು ತೆರೆಯದವರು ನಮ್ಮಲ್ಲಿ ಬಹುಮಂದಿ. ಆದರೆ ಅಕ್ಷರ ಬಲ್ಲವರಲ್ಲಿ ಫಲಕವನ್ನು ಓದದವರು ಒಬ್ಬರೂ ಇರಲಾರರು. ಬೀದಿಯ ಬರಹವೇ ಜನಸಾಮಾನ್ಯರ ನಿತ್ಯಪಾರಾಯಣದ ಗ್ರಂಥ. ಆ ಗ್ರಂಥವು ಹಾಸ್ಯರಸಕ್ಕೂ ಆಕರವಾಗಿರುವುದನ್ನು ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲದ ಸೀಮೆಯಲ್ಲಿ ಸಂಚರಿಸುವ ಯಾರಾದರೂ ಕಾಣಬಹುದು.

ಮೊದಲು ಊರಿನ ಹೆಸರನ್ನೇ ನೋಡೋಣ. ಕೃಷ್ಣರಾಜ ಒಡೆಯರ ಹೆಸರನ್ನು ಹೊತ್ತ ಪೇಟೆಯು ಬಸ್ಸಿನ ಹಣೆಯ ಮೇಲೆ 'ಕೆ.ಆರ್.ಪೇಟೆ' ಆಗಿದೆ, ಅದೇ ಹೆಸರಿನ ಸಾಗರವು 'ಕೆ.ಆರ್.ಎಸ್.' ಆಗಿದೆ. ಮಹಾರಾಜರು ಎರಡು ಆಂಗ್ಲ ಅಕ್ಷರಗಳಾಗಿ ಕುಗ್ಗಿ, ಮೇಲೆ ಕನ್ನಡ ಲಿಪಿಯ ಶಲ್ಯವನ್ನು ಹೊದ್ದು ನಿಂತಿದ್ದಾರೆ! ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟುದರಿಂದ 'ಫ್ರೆಂಚ್ ರಾಕ್ಸ್' ಎನಿಸಿಕೊಂಡಿದ್ದ ಹಿರೋಡೆ ಇಂದಿನ ಪಾಂಡವಪುರ. ಆ ದಂಡು ಹೋಗಿ ಎಷ್ಟೋ ಕಾಲವಾಯಿತು; ಆದರೆ ಈ ಸೀಮೆಯಲ್ಲೆಲ್ಲ 'ಮಿಲಿಟರಿ ಹೋಟೆಲ್' ಎಂಬ ಫಲಕ ಮಾತ್ರ ಉಳಿದಿದೆ. ಹೊಸಬನು ಅಲ್ಲಿ ಬಂದೂಕನ್ನು ಅರಸಿದರೆ ದೊರೆಯುವುದು ಮಾಂಸದೂಟ.

ಇವೆಲ್ಲ ಮುಗ್ಧ ವಿನೋದಗಳು. ಇನ್ನು ಕೆಲವು ಬರಹಗಳಲ್ಲಿ ನಿಜವಾದ ಕವಿತ್ವವೇ ಇದೆ. ನಮ್ಮ ಕಬ್ಬಿನ ನಾಡಿನ ರಸ್ತೆಬದಿಯಲ್ಲಿ 'ಕಬ್ಬಿನ ಹಾಲು ದೊರೆಯುತ್ತದೆ' ಎಂದು ಬರೆದಿರುತ್ತದೆ. ಕಬ್ಬಿನಿಂದ ಹಾಲು ಕರೆಯುವ ಈ ರೂಪಕಕ್ಕೆ ಯಾವ ಆಲಂಕಾರಿಕನು ತಲೆದೂಗನು? ಸಾರಿಗೆ ಸಂಸ್ಥೆಯ 'ವೇಗದೂತ', 'ಕೋರಿಕೆಯ ನಿಲುಗಡೆ' ಎಂಬ ಮಾತುಗಳೂ ಅಷ್ಟೇ ಸೊಗಸಾದವು. ದೂತನು ಎಷ್ಟೋ ವೇಳೆ ವೇಗವನ್ನು ಮರೆಯುತ್ತಾನೆಂಬುದು ಬೇರೆ ಮಾತು.

ಆದರೆ ನಗೆ ತಡೆದು ನಿಲ್ಲುವ ಎಡೆಗಳೂ ಉಂಟು. ಶುಭ ಮತ್ತು ಆಶಯ ಸೇರಿ 'ಶುಭಾಶಯ'ವಾದರೆ, ಹಬ್ಬದ ಫಲಕಗಳಲ್ಲಿ ಅದು 'ಶುಭಾಷಯ'ವಾಗಿ ಆಶಯವೇ ಮಾಯವಾಗುತ್ತದೆ. ನೆಲದಲ್ಲಿ ನೆಡುವ ಗೂಟ ಶಂಕು, ಊದುವುದು ಶಂಖ. 'ಶಂಖುಸ್ಥಾಪನೆ' ಎಂದು ಕಲ್ಲಿನಲ್ಲಿ ಕೊರೆಯಿಸಿದಾಗ ಕಟ್ಟಡಕ್ಕೆ ಅಡಿಪಾಯ ಬಿದ್ದಿತೋ, ಶಂಖನಾದವಾಯಿತೋ ತಿಳಿಯದು. ಕುಂಚ ಹಿಡಿದು ಬರೆಯುವಾತನ ತಪ್ಪು ಒಂದು ಗೋಡೆಗೆ ಮುಗಿಯುತ್ತಿತ್ತು. ಗಣಕಯಂತ್ರದಲ್ಲಿ ಅಚ್ಚಾದ ತಪ್ಪು ಒಂದೇ ದಿನದಲ್ಲಿ ನೂರು ಕಂಬಗಳನ್ನೇರುತ್ತದೆ. ಶಾಲೆಯಲ್ಲಿ ನಾವು ಕಲಿಸಿದ 'ಶ'ಕಾರವನ್ನು ಮಗುವು ದಾರಿಯಲ್ಲಿ ಕಳೆದುಕೊಂಡು ಮನೆ ಸೇರುತ್ತದೆ.

ಪ್ರಾಚೀನರೂ ಸಾರ್ವಜನಿಕ ಬರಹವನ್ನು ನಿಲ್ಲಿಸಿದವರೇ. ರೈಸ್ ಅವರು 1898ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 4ನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ನಾಗಮಂಗಲಗಳ ಶಾಸನಗಳಿವೆ. ಇಂದಿನ ಫಲಕವು 'ದಂಡ ವಿಧಿಸಲಾಗುವುದು' ಎಂದು ಬೆದರಿಸಿದರೆ, ಅಂದಿನ ಶಾಸನಗಳು ದತ್ತಿಯನ್ನು ಕೆಡಿಸಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪವನ್ನೇ ವಿಧಿಸುತ್ತಿದ್ದವು. ಶಾಸನ ಬರೆದವರೂ ಸಕಾರ ಶಕಾರಗಳಲ್ಲಿ ಎಡವಿದ್ದಾರೆ. ಆದುದರಿಂದ ಫಲಕ ಬರೆಯುವ ಬಡ ಕಲಾವಿದನನ್ನು ಹಳಿಯುವುದು ತರವಲ್ಲ. ಅವನು ಕೊಟ್ಟುದನ್ನು ಬರೆಯುತ್ತಾನೆ; ಬರೆದು ಕೊಡುವವರು ಯಾರು ಎಂಬುದೇ ಪ್ರಶ್ನೆ.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯಂತೆ ಅಂಗಡಿ ಮುಂಗಟ್ಟುಗಳ ಫಲಕದಲ್ಲಿ ಶೇ. 60 ಭಾಗ ಕನ್ನಡವಿರಬೇಕು. ಇದು ಸ್ವಾಗತಾರ್ಹ. ಆದರೆ ಕಾನೂನು ಕನ್ನಡದ ಉದ್ದಗಲವನ್ನು ಅಳೆಯಬಲ್ಲುದೇ ಹೊರತು ಅದರ ಶುದ್ಧಿಯನ್ನಲ್ಲ. ಆ ಭಾಗ ನಮ್ಮ ಪಾಲಿನದು. ಪಂಡಿತರು ಫಲಕವನ್ನು ಕಂಡು ನಕ್ಕು ಮುಂದೆ ನಡೆಯುವುದು ಸುಲಭ. ಅಂಗಡಿಯವನ ಬಳಿ ನಿಂತು ಮೆಲ್ಲನೆ ತಿದ್ದಿ ಹೇಳುವುದು ಕಷ್ಟ, ಆದರೆ ಅದೇ ವಿದ್ಯೆಯ ಸಾರ್ಥಕತೆ.

ಅಧ್ಯಾಪಕ ಬಂಧುಗಳು ತಿಂಗಳಿಗೊಮ್ಮೆ ಮಕ್ಕಳನ್ನು ಪೇಟೆಬೀದಿಗೆ ಕರೆದೊಯ್ದು ಫಲಕಗಳನ್ನೇ ಪಾಠವಾಗಿ ಓದಿಸಲಿ; ಒಪ್ಪಾದುದನ್ನು ಮೆಚ್ಚುವುದನ್ನೂ ಕಲಿಸಲಿ. ಹಳೆಯ ವಿದ್ಯಾರ್ಥಿಗಳಲ್ಲಿ ಅಂಗಡಿ, ಮುದ್ರಣಾಲಯ ನಡೆಸುವವರು ಅಚ್ಚಿಗೆ ಮುನ್ನ ಬಲ್ಲವರಿಗೊಮ್ಮೆ ತೋರಿಸಲಿ. ದಾನಿಗಳು ತಮ್ಮ ಹಿರಿಯರ ಹೆಸರಿನಲ್ಲಿ ಕಲ್ಲು ನಿಲ್ಲಿಸುವಾಗ, ಕೊರೆಯುವ ಮುನ್ನ ಆ ನಾಲ್ಕು ಸಾಲನ್ನು ಊರಿನ ಕನ್ನಡ ಉಪಾಧ್ಯಾಯರ ಕೈಗೆ ಕೊಡಲಿ. ಬಣ್ಣದ ತಪ್ಪನ್ನು ಮಳೆ ತೊಳೆದೀತು. ಕಲ್ಲಿನ ತಪ್ಪು ಮೊಮ್ಮಕ್ಕಳ ಕಾಲಕ್ಕೂ ಉಳಿದೀತು ಎಂಬುದಷ್ಟೇ ನನ್ನ ಬಿನ್ನಹ.