ಜಾಲತಾಣ ಮೊದಲು ಹುಟ್ಟುವುದು ಕಾಗದದ ಮೇಲೆ

ಪಿಯುಸಿ ಮುಗಿಸಿದ ಮಕ್ಕಳ ತಂದೆತಾಯಿಯರು ಈಗೀಗ ಹೆಚ್ಚಾಗಿ ಕೇಳುವ ಪ್ರಶ್ನೆಯೊಂದಿದೆ. ‘ಮೇಷ್ಟ್ರೇ, ನಮ್ಮ ಹುಡುಗ ವೆಬ್ ಡಿಸೈನ್ ಕಲಿಯುತ್ತೇನೆ ಅಂತಾನೆ. ಅದು ಚಿತ್ರ ಬರೆಯುವ ಕೆಲಸವೋ, ಕಂಪ್ಯೂಟರ್ ಕೆಲಸವೋ? ಕೋರ್ಸಿಗೆ ದುಡ್ಡು ಕಟ್ಟಬಹುದೇ?’ ಎರಡೂ ಹೌದು. ಆದರೆ ಎರಡಕ್ಕೂ ಮೊದಲು ಅದು ಪ್ರಶ್ನೆ ಕೇಳುವ ಕೆಲಸ. ನುರಿತ ವಿನ್ಯಾಸಕರು ಜಾಲತಾಣ ಕಟ್ಟುವ ಕ್ರಮವನ್ನು ಮೊದಲಿನಿಂದ ನೋಡಿದರೆ ಈ ಮಾತಿನ ಅರ್ಥ ತಿಳಿಯುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಲ್ಲೂಕು ಕೇಂದ್ರವೊಂದರಲ್ಲಿ ಟ್ರಸ್ಟಿನವರು ನಡೆಸುವ ವಿದ್ಯಾರ್ಥಿನಿಲಯವಿದೆ. ಅವರಿಗೊಂದು ಜಾಲತಾಣ ಬೇಕು. ಮೊದಲ ಪುಟದಲ್ಲಿ ಅಧ್ಯಕ್ಷರ ಭಾವಚಿತ್ರ, ಸಂಸ್ಥೆಯ ಇತಿಹಾಸ, ಓಡುವ ಅಕ್ಷರಗಳಲ್ಲಿ ಸುಸ್ವಾಗತ: ಇದು ಅವರ ಬೇಡಿಕೆ. ಆದರೆ ಆ ಪುಟವನ್ನು ತೆರೆಯುವವರು ಯಾರು? ಹಳ್ಳಿಯಲ್ಲಿ ಕುಳಿತು, ಅಪ್ಪನ ಮೊಬೈಲಿನಲ್ಲಿ ನೋಡುತ್ತಿರುವ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ. ಅವಳಿಗೆ ಬೇಕಾದದ್ದು ನಾಲ್ಕೇ ಸಂಗತಿ: ನನಗೆ ಸೀಟು ಸಿಗಬಹುದೇ, ಶುಲ್ಕ ಎಷ್ಟು, ಯಾವ ಪ್ರಮಾಣಪತ್ರ ಬೇಕು, ಅರ್ಜಿಗೆ ಕೊನೆಯ ದಿನ ಯಾವುದು. ಕೊನೆಯ ದಿನ ಕಣ್ಣಿಗೆ ಬೀಳದಿದ್ದರೆ ಅವಳ ಒಂದು ವರ್ಷವೇ ಹೋದೀತು.

ದುಡ್ಡು ಕೊಡುವವರು ಟ್ರಸ್ಟಿನವರು, ಪುಟವನ್ನು ಬಳಸುವವಳು ಆ ಹುಡುಗಿ. ಇಬ್ಬರ ನಡುವೆ ನಿಂತು ಕೆಲಸ ಮಾಡುವುದೇ ವಿನ್ಯಾಸಕರ ವೃತ್ತಿ.

ಮೊದಲು ಮಾತು, ಆಮೇಲೆ ಗೆರೆ

ಆದ್ದರಿಂದ ಮೊದಲ ಭೇಟಿಯಲ್ಲಿ ಅವರು ಬಣ್ಣದ ಮಾತೆತ್ತುವುದಿಲ್ಲ. ‘ನಿಮ್ಮ ಕಚೇರಿಗೆ ಫೋನು ಮಾಡುವವರು ಹೆಚ್ಚಾಗಿ ಏನು ಕೇಳುತ್ತಾರೆ?’ ಎನ್ನುತ್ತಾರೆ. ಇದಕ್ಕೆ ಸರಿಯಾದ ಉತ್ತರ ಅಧ್ಯಕ್ಷರಿಗಿಂತ ಗುಮಾಸ್ತರ ಬಳಿ ಸಿಗುತ್ತದೆ. ಜೊತೆಗೆ ಕೆಲವು ವಿಷಯಗಳನ್ನು ಬರವಣಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ: ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಹಣ ಯಾವಾಗ, ಮುಂದೆ ಹೊಸ ದಿನಾಂಕಗಳನ್ನು ತುಂಬುವವರು ಯಾರು. ತಾಣದ ಹೆಸರನ್ನು, ಅಂದರೆ ಡೊಮೈನನ್ನು, ಟ್ರಸ್ಟಿನ ಹೆಸರಿನಲ್ಲೇ ನೋಂದಾಯಿಸಬೇಕು. ವಿನ್ಯಾಸಕರ ಹೆಸರಿನಲ್ಲಿದ್ದರೆ ನಾಳೆ ಅವರು ಊರು ಬಿಟ್ಟಾಗ ತಾಣವೂ ಕೈಬಿಟ್ಟಂತೆ.

ಬಳಿಕ ಪ್ರತಿ ವಿಷಯಕ್ಕೂ ಒಂದೊಂದು ಕಾಗದದ ಚೀಟಿ. ಅವನ್ನು ಮೇಜಿನ ಮೇಲೆ ಹರಡಿ, ಯಾವುದು ಯಾವುದರ ಜೊತೆ ಸೇರಬೇಕೆಂದು ಬಳಸುವವರಿಂದಲೇ ಜೋಡಿಸಿಸುತ್ತಾರೆ. ಆಮೇಲೆ ಪೆನ್ಸಿಲ್ಲಿನಲ್ಲಿ ಪುಟದ ನಕ್ಷೆ. ಪಾಯ ತೆಗೆಯುವ ಮುನ್ನ ನೆಲದ ಮೇಲೆ ಸುಣ್ಣದ ಗೆರೆ ಎಳೆಯುವುದಿಲ್ಲವೇ? ಇದೂ ಹಾಗೆಯೇ. ಗೋಡೆ ಎದ್ದ ಮೇಲೆ ಬಾಗಿಲು ಸರಿಸುವುದು ಕಷ್ಟ. ಸುಣ್ಣದ ಗೆರೆಯನ್ನು ಕಾಲಿನಲ್ಲೇ ಅಳಿಸಬಹುದು.

ಈ ಕ್ರಮಕ್ಕೆ ಹೆಸರಾದ ನಿದರ್ಶನ ಬ್ರಿಟನ್ ಸರ್ಕಾರದ್ದು. 2012ರ ಅಕ್ಟೋಬರಿನಲ್ಲಿ ಅಲ್ಲಿ ‘ಗವ್ ಡಾಟ್ ಯುಕೆ’ ಎಂಬ ಏಕೈಕ ತಾಣ ಹಳೆಯ ದೊಡ್ಡ ಸರ್ಕಾರಿ ತಾಣಗಳ ಜಾಗಕ್ಕೆ ಬಂತು. ಜನರ ಅಗತ್ಯದಿಂದ ಆರಂಭಿಸಬೇಕು ಎಂಬುದೇ ಅದನ್ನು ಕಟ್ಟಿದವರ ಮೊದಲ ಸೂತ್ರ. ಸಾರ್ವತ್ರಿಕ ರಜೆಗಳ ಪುಟವನ್ನೇ ನೋಡಿ. ರಜೆಯ ಇತಿಹಾಸವಿಲ್ಲ, ಮಂತ್ರಿಗಳ ಸಂದೇಶವಿಲ್ಲ. ಮುಂದಿನ ರಜೆ ಯಾವತ್ತು ಎಂಬುದು ಮೇಲ್ಗಡೆ ದೊಡ್ಡ ಅಕ್ಷರದಲ್ಲಿದೆ. ಅಕ್ಷರವೂ ವಿಶೇಷವೇ. ಜಾಕ್ ಕಿನಿಯರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಬ್ರಿಟನ್ನಿನ ರಸ್ತೆ ಫಲಕಗಳಿಗಾಗಿ, ಓಡುವ ಕಾರಿನಿಂದಲೂ ಓದಲಾಗುವಂತೆ ರೂಪಿಸಿದ ಅಕ್ಷರದ ಹೊಸ ರೂಪವದು. ನೋಡಲು ಸಪ್ಪೆ ಎನಿಸುವ ಈ ತಾಣಕ್ಕೆ 2013ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂ ವರ್ಷದ ಅತ್ಯುತ್ತಮ ವಿನ್ಯಾಸ ಪ್ರಶಸ್ತಿ ನೀಡಿತು.

ಮೂರು ಭಾಷೆಗಳು

ಈಗ ಕಂಪ್ಯೂಟರ್ ಮುಂದೆ ಕೂರೋಣ. ಪುಟ ಕಟ್ಟಲು ಮೂರು ಭಾಷೆಗಳು ಬೇಕು. ನಿಮ್ಮ ಪ್ರಯೋಗಶಾಲೆಯ ರೆಕಾರ್ಡ್ ಪುಸ್ತಕವನ್ನು ನೆನಪಿಸಿಕೊಳ್ಳಿ. ‘ಇದು ಶೀರ್ಷಿಕೆ, ಇದು ಚಿತ್ರ, ಇದು ಕೋಷ್ಟಕ’ ಎಂದು ಗುರುತಿಸುವುದು ಎಚ್‌ಟಿಎಂಎಲ್. ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಇದನ್ನು ರೂಪಿಸಿದರು. ‘ಶೀರ್ಷಿಕೆ ನೀಲಿ ಬಣ್ಣದಲ್ಲಿರಲಿ, ಅಂಚು ಇಷ್ಟಿರಲಿ’ ಎನ್ನುವುದು ಸಿಎಸ್‌ಎಸ್. ಹೋಕನ್ ವಿಯುಮ್ ಲೀ 1994ರಲ್ಲಿ ಇದರ ಪ್ರಸ್ತಾವ ಮುಂದಿಟ್ಟರು. ಗುಂಡಿ ಒತ್ತಿದಾಗ ಲೆಕ್ಕ ಮಾಡಿ ಉತ್ತರ ತೋರಿಸುವಂಥದ್ದು ಜಾವಾಸ್ಕ್ರಿಪ್ಟ್. 1995ರಲ್ಲಿ ಬ್ರೆಂಡನ್ ಐಕ್ ಅದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಬರೆದರು.

ವಿಷಯ ಬೇರೆ, ಅಲಂಕಾರ ಬೇರೆ ಎಂದು ಇಟ್ಟಿರುವುದಕ್ಕೆ ಕಾರಣವಿದೆ. ಅದೇ ವಿಷಯ ದೊಡ್ಡ ಪರದೆಯಲ್ಲಿ ಎರಡು ಕಾಲಂ ಆಗಿ, ಮೊಬೈಲಿನಲ್ಲಿ ಒಂದೇ ಕಾಲಂ ಆಗಿ ಕೂರಬಲ್ಲದು. ಕಣ್ಣು ಕಾಣದವರಿಗೆ ಅದನ್ನೇ ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳಬಲ್ಲದು.

ಅಂದಕ್ಕೂ ಲೆಕ್ಕವಿದೆ. ಬಿಳಿಯ ಮೇಲೆ ಕಪ್ಪಕ್ಷರದ ಹೊಳಪಿನ ಅನುಪಾತ 21ಕ್ಕೆ 1. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಇದು ಕನಿಷ್ಠ 4.5ಕ್ಕೆ 1 ಇರಬೇಕೆಂಬುದು ಅಂತರರಾಷ್ಟ್ರೀಯ ಮಾನದಂಡ. ಬಿಳಿಯ ಮೇಲೆ ಹಳದಿ ಬರೆದರೆ ಈ ಪರೀಕ್ಷೆಯಲ್ಲಿ ನಪಾಸು. ಬಿಸಿಲಿನಲ್ಲಿ ಮೊಬೈಲ್ ಹಿಡಿದವರಿಗೆ ಏನೂ ಕಾಣದು.

ಚಿತ್ರಗಳದ್ದು ಇನ್ನೊಂದು ಲೆಕ್ಕ. ಮೊಬೈಲಿನಲ್ಲಿ ತೆಗೆದ ಫೋಟೊ 4 ಮೆಗಾಬೈಟ್ ಇದೆ ಎನ್ನಿ. ಒಂದು ಬೈಟಿಗೆ 8 ಬಿಟ್, ಅಂದರೆ 32 ಮೆಗಾಬಿಟ್. ಹಳ್ಳಿಯಲ್ಲಿ ಸೆಕೆಂಡಿಗೆ 2 ಮೆಗಾಬಿಟ್ ವೇಗವಿದ್ದರೆ ಒಂದು ಚಿತ್ರಕ್ಕೆ 16 ಸೆಕೆಂಡು, ಆರು ಚಿತ್ರಕ್ಕೆ 96 ಸೆಕೆಂಡು. ಅದೇ ಚಿತ್ರವನ್ನು ಪರದೆಗೆ ತಕ್ಕಷ್ಟು ಕುಗ್ಗಿಸಿ 0.2 ಮೆಗಾಬೈಟಿಗೆ ತಂದರೆ ಆರಕ್ಕೂ ಸೇರಿ ಐದು ಸೆಕೆಂಡು ಸಾಕು. ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಕಾಯುವವರಿಗೆ ತಿಳಿಯುತ್ತದೆ.

ಕನ್ನಡದ ಪುಟವಾದರೆ

ನಮ್ಮ ಹುಡುಗಿಗೆ ಪುಟ ಕನ್ನಡದಲ್ಲೇ ಬೇಕು. ಇಲ್ಲಿ ಎರಡು ಎಚ್ಚರ ಅಗತ್ಯ. ಮೊದಲನೆಯದು ಯುನಿಕೋಡ್. ಈ ಪದ್ಧತಿಯಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. ‘ಕ’ ಅಕ್ಷರದ್ದು 3221. ಹಳೆಯ ಕನ್ನಡ ಫಾಂಟುಗಳಲ್ಲಿ ಬಹಳಷ್ಟು ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ವೇಷ ತೊಡಿಸಿದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಇನ್ನು ಪ್ರಕಟಣೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಅಂಟಿಸಿದರೆ, ‘ಹಾಸ್ಟೆಲ್ ಅರ್ಜಿ ಕೊನೆಯ ದಿನ’ ಎಂದು ಹುಡುಕಿದವರಿಗೆ ಅದು ಸಿಗುವ ಭರವಸೆಯಿಲ್ಲ. ಪುಟ ಇದ್ದೂ ಇಲ್ಲದಂತೆ.

ಎರಡನೆಯದು ಸಾಲಿನ ಅಂತರ. ಇಂಗ್ಲಿಷಿಗೆ ಹೊಂದುವ ಅಂತರವನ್ನೇ ಕನ್ನಡಕ್ಕೆ ಬಳಸಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಕನ್ನಡ ಓದುವವರು ಕುಳಿತು ಸರಿಪಡಿಸಬೇಕಾದ ಕೆಲಸವಿದು.

ಮಾತಾಡದೆ ನೋಡುವ ಪರೀಕ್ಷೆ

ಪುಟ ಸಿದ್ಧವಾದ ಮೇಲೆ ಬಳಸುವವರ ಕೈಗೇ ಕೊಟ್ಟು ‘ಕೊನೆಯ ದಿನ ಯಾವುದು ಹೇಳಮ್ಮಾ’ ಎಂದು ಕೇಳಿ, ವಿನ್ಯಾಸಕರು ಸುಮ್ಮನೆ ನೋಡುತ್ತಾರೆ. ಸಹಾಯ ಮಾಡುವಂತಿಲ್ಲ. ಎಲ್ಲಿ ಬೆರಳು ತಡೆಯಿತೋ ಅಲ್ಲಿ ದೋಷವಿದೆ. ದೋಷ ಪುಟದ್ದು, ಹುಡುಗಿಯದಲ್ಲ. ಐದು ಜನರನ್ನು ಹೀಗೆ ನೋಡಿದರೆ ಸುಮಾರು ಶೇಕಡಾ 85ರಷ್ಟು ತೊಡಕುಗಳು ಹೊರಬೀಳುತ್ತವೆ ಎಂದು ಯಾಕೋಬ್ ನೀಲ್ಸನ್ 2000ದಲ್ಲಿ ಬರೆದರು. ತಿದ್ದಿದ ಮೇಲೆ ಗುಪ್ತಪದಗಳನ್ನು ಟ್ರಸ್ಟಿಗೆ ಒಪ್ಪಿಸಿ, ದಿನಾಂಕ ಬದಲಿಸುವುದನ್ನು ಗುಮಾಸ್ತರಿಗೆ ಕಲಿಸಿಕೊಟ್ಟರೆ ಕೆಲಸ ಮುಗಿಯಿತು. ಅಧ್ಯಕ್ಷರ ಭಾವಚಿತ್ರ? ಅದೂ ಇರುತ್ತದೆ, ‘ನಮ್ಮ ಬಗ್ಗೆ’ ಎಂಬ ಪುಟದಲ್ಲಿ, ಗೌರವದಿಂದ.

ಈಗ ಪೋಷಕರಿಗೆ ಉತ್ತರ. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ನಿಮಿಷದಲ್ಲಿ ಕೋಡ್ ಬರೆದುಕೊಡುತ್ತವೆ. ಆದ್ದರಿಂದ ಬರೀ ಕೋಡ್ ಕಲಿಸುವ ಕೋರ್ಸಿಗೆ ದುಡುಕಿ ದುಡ್ಡು ಸುರಿಯಬೇಡಿ. ಸಾದಾ ನೋಟ್‌ಪ್ಯಾಡ್ ಮತ್ತು ಬ್ರೌಸರ್ ಇದ್ದರೆ ಮೂರು ಭಾಷೆಗಳ ಆರಂಭವನ್ನು ಮಗು ಮನೆಯಲ್ಲೇ ಮಾಡಬಹುದು. ಆಸಕ್ತಿ ಎರಡು ತಿಂಗಳು ಉಳಿದರೆ ಆಮೇಲೆ ಕೋರ್ಸು ನೋಡಿ. ಸೇರಿಸುವ ಮುನ್ನ ಒಂದೇ ಪ್ರಶ್ನೆ ಕೇಳಿ: ‘ನಿಜವಾದ ಒಬ್ಬ ಗ್ರಾಹಕರಿಗೆ ತಾಣ ಮಾಡಿಕೊಡುವ ಕೆಲಸ ಇಲ್ಲಿ ಇದೆಯೇ?’

ವಿದ್ಯಾರ್ಥಿಗಳೇ, ನಿಮಗೆ ಈ ವಾರದ ಪ್ರಯೋಗ. ನಿಮ್ಮ ಶಾಲೆಯ ಕಚೇರಿಗೆ ಬರುವವರು ಕೇಳುವ ಹತ್ತು ಪ್ರಶ್ನೆಗಳನ್ನು ಗುಮಾಸ್ತರಿಂದ ಕೇಳಿ ಬರೆದುಕೊಳ್ಳಿ. ಮೊಬೈಲ್ ಗಾತ್ರದ ಕಾಗದದಲ್ಲಿ ಮೊದಲ ಪುಟದ ನಕ್ಷೆ ಬರೆಯಿರಿ. ಐದು ಜನರ ಕೈಗೆ ಕೊಟ್ಟು, ಒಂದು ಉತ್ತರ ಹುಡುಕಲು ಹೇಳಿ, ಗಡಿಯಾರ ನೋಡಿ. ನೆನಪಿರಲಿ, ನೀವು ಬಾಯಿ ಬಿಡುವಂತಿಲ್ಲ.