ಕಳ್ಳನ ಫೋನು ಕನ್ನಡದಲ್ಲಿ, ತೆರಿಗೆಯ ಕಾಗದ ಇಂಗ್ಲಿಷಿನಲ್ಲಿ

ನನ್ನ ಸೋದರಮಾವನದು ತಿಪಟೂರು ಸೀಮೆಯ ಹಳ್ಳಿಯೊಂದರಲ್ಲಿ ದಿನಸಿ ಅಂಗಡಿ. ಹಾಲಿನ ವ್ಯಾನು ಬರುವ ಬೆಳಗಿನ ಐದೂವರೆಗೆ ಬಾಗಿಲು ತೆಗೆದರೆ ರಾತ್ರಿ ಒಂಬತ್ತೂವರೆಗೆ ಹಾಕುವುದು. ಓದಿದ್ದು ಏಳನೇ ಕ್ಲಾಸು. ಆದರೆ ಊರಿನ ಅರ್ಧ ಮನೆಗಳ ಉದ್ರಿ ಲೆಕ್ಕ ಪುಸ್ತಕ ನೋಡದೆಯೇ ಹೇಳುತ್ತಾನೆ. ಅಂಥವನಿಗೆ 2025ರ ಆಗಸ್ಟ್‌ನಲ್ಲಿ ಒಂದು ಫೋನು ಬಂತು.

‘ಅಣ್ಣಾ, ನಿಮ್ಮ ಅಂಗಡಿ ಮೇಲೆ ಜಿಎಸ್‌ಟಿ ಕೇಸಾಗಿದೆ. ಇವತ್ತು ಸಂಜೆಯೊಳಗೆ ಸೆಟ್ಲ್ ಮಾಡಿಕೊಳ್ಳದಿದ್ದರೆ ಬ್ಯಾಂಕ್ ಖಾತೆ ಬಂದ್ ಆಗುತ್ತೆ. ನೀವು ಬಡವರು ಅಂತ ನಾನೇ ಸಾಹೇಬರ ಹತ್ತಿರ ಮಾತಾಡಿ ಕಮ್ಮಿ ಮಾಡಿಸಿದ್ದೀನಿ’ ಎಂದಿತು ದನಿ. ಹಿಂದೆಯೇ ವಾಟ್ಸಾಪಿಗೆ ಸಿಂಹದ ಮುದ್ರೆ ಇದ್ದ ಕಾಗದ, ಅದರ ಹಿಂದೆ ಒಂದು ಕ್ಯೂಆರ್ ಕೋಡು. ಮಾವ 12,000 ರೂಪಾಯಿ ಕಳಿಸಿಬಿಟ್ಟ. ಯಾರಿಗೂ ಹೇಳಲಿಲ್ಲ. ಅತ್ತೆಗೂ ಹೇಳಲಿಲ್ಲ.

ಎರಡು ತಿಂಗಳ ಮೇಲೆ ಅಂಚೆಯಲ್ಲಿ ಒಂದು ಕಾಗದ ಬಂತು. ಮೂರು ಪುಟ, ಪೂರ್ತಿ ಇಂಗ್ಲಿಷು. ‘ಮತ್ತೆ ಅವನೇ ಇರಬೇಕು’ ಎಂದು ಮಾವ ಅದನ್ನು ಅಕ್ಕಿ ಮೂಟೆಯ ಕೆಳಗೆ ತಳ್ಳಿದ. ದೀಪಾವಳಿಗೆ ಊರಿಗೆ ಹೋದಾಗ ನನ್ನ ಕೈಗೆ ಸಿಕ್ಕಿದ್ದು ಆ ಕಾಗದ. ಅದು ಅಸಲಿ.

‘ಯಾಕೆ ಮಾವ ಹೇಳಲಿಲ್ಲ?’ ಎಂದರೆ, ‘ಏನು ಹೇಳೋದು ಕಣಪ್ಪಾ? ಫೋನು ಮಾಡಿದವನು ನಮ್ಮ ಭಾಷೇಲಿ ಮಾತಾಡಿದ, ನಂಬಿದೆ. ಇದು ಒಂದಕ್ಷರ ತಿಳೀಲಿಲ್ಲ, ಸುಳ್ಳು ಅಂದ್ಕೊಂಡೆ’ ಎಂದ.

ಈ ಮಾತು ನನ್ನನ್ನು ಬಿಡುತ್ತಿಲ್ಲ. ಮೋಸದ ಬಗ್ಗೆ ಎಷ್ಟು ಜಾಹೀರಾತು ಕೊಟ್ಟರೂ, ಎಷ್ಟು ಕಾಲರ್ ಟ್ಯೂನ್ ಹಾಕಿದರೂ ಹಳ್ಳಿಯ ಅಂಗಡಿಯವನು ಯಾಕೆ ಬೀಳುತ್ತಾನೆ ಎಂಬುದಕ್ಕೆ ಉತ್ತರ ಅದರಲ್ಲಿದೆ. ಕಳ್ಳ ಕನ್ನಡದಲ್ಲಿ ಕರೆಯುತ್ತಾನೆ, ಅಣ್ಣಾ ಎನ್ನುತ್ತಾನೆ, ದಾರಿ ಹೇಳುತ್ತಾನೆ. ಸರ್ಕಾರದ ಕಾಗದ ಕಲಮುಗಳನ್ನು ಹೇಳುತ್ತದೆ, ದಾರಿ ಹೇಳುವುದಿಲ್ಲ.

ಹಿನ್ನೆಲೆ ನಿಮಗೆ ನೆನಪಿರಬಹುದು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ಹಿಡಿದು ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ಕಟ್ಟುವಂತೆ ನೋಟಿಸ್ ಬಂದದ್ದು ದೊಡ್ಡ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಬೆಂಗಳೂರಿನ ಅಂಗಡಿಗಳ ಮುಂದೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಬೋರ್ಡುಗಳು ಬಿದ್ದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವರ್ತಕರ ಪ್ರತಿನಿಧಿಗಳನ್ನು ಕರೆಸಿ, ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದರು. ಗಲಾಟೆ ತಣ್ಣಗಾಯಿತು. ಹೆದರಿಕೆ ಮಾತ್ರ ಹಳ್ಳಿಗಳಲ್ಲಿ ಉಳಿಯಿತು. ಆ ಹೆದರಿಕೆಯೇ ಕಳ್ಳರ ಬಂಡವಾಳವಾಯಿತು.

ಪತ್ರಿಕೋದ್ಯಮ ಓದಿದ ನಮ್ಮದೂ ಇದರಲ್ಲಿ ತಪ್ಪಿದೆ. ‘29 ಲಕ್ಷದ ನೋಟಿಸ್!’ ಎಂದು ಬರೆದೆವು, ಹಂಚಿದೆವು. ಯಾರು ಕಟ್ಟಬೇಕು, ಯಾರು ಕಟ್ಟಬೇಕಿಲ್ಲ ಎಂದು ಎಷ್ಟು ಜನ ಬರೆದೆವು? ಮಾವನ ಅಂಗಡಿಯ ಲೆಕ್ಕವನ್ನೇ ಇಟ್ಟುಕೊಂಡು ಈಗ ಅದನ್ನು ಬರೆಯುತ್ತೇನೆ.

ಆ ವರ್ಷ ಮಾವನ ಖಾತೆಗೆ ಯುಪಿಐ ಮೂಲಕ ಬಂದದ್ದು 46 ಲಕ್ಷ. ಸಾಮಾನು ಮಾರುವುದಕ್ಕೆ ಮಾತ್ರ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ಮಿತಿ ದಾಟಿದೆ ಎಂದು ಕಂಪ್ಯೂಟರ್ ಹೇಳಿತು. ಆದರೆ ಬಂದದ್ದೆಲ್ಲ ವ್ಯಾಪಾರವೇ? ಚೀಟಿ ಎತ್ತಿದ 3 ಲಕ್ಷ ಅದರಲ್ಲಿದೆ. ಬೆಂಗಳೂರಿನ ಮಗ ಕಳಿಸಿದ 2 ಲಕ್ಷ ಇದೆ. ನಮ್ಮೂರಲ್ಲಿ ಎಟಿಎಂ ಇಲ್ಲ. ‘ನಿಮಗೆ ಫೋನ್‌ಪೇ ಹಾಕ್ತೀನಿ, ಕ್ಯಾಶ್ ಕೊಡಿ’ ಎಂದು ಕೂಲಿ ಬಟವಾಡೆಯ ದಿನ ಬರುವವರಿಂದ ವರ್ಷಕ್ಕೆ 6 ಲಕ್ಷ ಹಾಗೇ ಬಂದು ಹಾಗೇ ಹೋಗಿದೆ. ಈ 11 ಲಕ್ಷ ವ್ಯಾಪಾರವಲ್ಲ. ಉಳಿದದ್ದು 35 ಲಕ್ಷ.

ಹಾಗಾದರೆ ಮಾವ ಪಾರಾದನೇ? ಇಲ್ಲ. ಇಲ್ಲಿ ನಮ್ಮ ಜನ ಒಂದು ತಪ್ಪು ತಿಳಿದಿದ್ದಾರೆ. ತೆರಿಗೆ ಇರುವುದು ಯುಪಿಐ ಮೇಲಲ್ಲ, ವ್ಯಾಪಾರದ ಮೇಲೆ. ಗಲ್ಲಾಪೆಟ್ಟಿಗೆಗೆ ಬಿದ್ದ ನಗದೂ ಲೆಕ್ಕಕ್ಕೆ ಸೇರುತ್ತದೆ. ಮಾವನ ನಗದು ವ್ಯಾಪಾರ ಸುಮಾರು 8 ಲಕ್ಷ. ಒಟ್ಟು 43 ಲಕ್ಷ. ಇದರಲ್ಲಿ ಹಾಲು, ತರಕಾರಿ, ಬಿಡಿಯಾಗಿ ಮಾರುವ ಅಕ್ಕಿ-ಬೇಳೆ 19 ಲಕ್ಷ. ಇವಕ್ಕೆ ತೆರಿಗೆ ಇಲ್ಲ. ಇವನ್ನು ಮಾತ್ರ ಮಾರುವವನಿಗೆ ಎಷ್ಟೇ ವ್ಯಾಪಾರವಾದರೂ ನೋಂದಣಿ ಬೇಕಿಲ್ಲ. ಆದರೆ ಅದರ ಜತೆ ಸೋಪು, ಬಿಸ್ಕತ್ತು ಇಟ್ಟರೆ 40 ಲಕ್ಷದ ಲೆಕ್ಕಕ್ಕೆ ಹಾಲಿನ ದುಡ್ಡೂ ಸೇರುತ್ತದೆ. ತೆರಿಗೆ ಮಾತ್ರ ಸೋಪು, ಬಿಸ್ಕತ್ತಿನ ಮೇಲೆಯೇ. ಇನ್ನು ಅಂಗಡಿಯ ಪಕ್ಕದಲ್ಲೇ ಸ್ಟೌ ಇಟ್ಟು ಚಹಾ-ಬೋಂಡ ಮಾಡುವವರು ಗಮನಿಸಿ: ಅದು ಸೇವೆಯ ಲೆಕ್ಕಕ್ಕೆ ಬರುತ್ತದೆ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ.

ಮಾವ ನೋಂದಣಿ ಮಾಡಿಸಬೇಕಿತ್ತು, ಮಾಡಿಸಿರಲಿಲ್ಲ. ಅದು ಅವನ ತಪ್ಪು. ಮಾಡಿಸಿದ್ದರೆ ಎಷ್ಟು ಕಟ್ಟಬೇಕಾಗುತ್ತಿತ್ತು? ವರ್ಷಕ್ಕೆ ಒಂದೂವರೆ ಕೋಟಿಯೊಳಗೆ ವ್ಯಾಪಾರ ಇರುವವರಿಗೆ ಕಾಂಪೋಸಿಷನ್ ಅಥವಾ ರಾಜಿ ತೆರಿಗೆ ಎಂಬ ಪದ್ಧತಿ ಇದೆ. ಅಂಗಡಿಯವರಿಗೆ ತೆರಿಗೆಗೆ ಒಳಪಡುವ ವ್ಯಾಪಾರದ ಮೇಲೆ ನೂರಕ್ಕೆ ಒಂದು ರೂಪಾಯಿ, ಹೋಟೆಲಿನವರಿಗೆ ಐದು ರೂಪಾಯಿ. ಮಾವನ 24 ಲಕ್ಷಕ್ಕೆ ವರ್ಷಕ್ಕೆ 24,000. ತಿಂಗಳಿಗೆ 2,000. ಮೂರು ತಿಂಗಳಿಗೊಮ್ಮೆ ಕಟ್ಟುವುದು, ವರ್ಷಕ್ಕೊಂದು ರಿಟರ್ನ್. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ಹೊರರಾಜ್ಯಕ್ಕೆ ಮಾರುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವಂತಿಲ್ಲ. ಇನ್ನೊಂದು ಮಾತು: ಇದು ಹಿಂದಿನ ವರ್ಷಗಳಿಗೆ ಅನ್ವಯಿಸುವುದಿಲ್ಲ. ನೋಂದಣಿ ಮಾಡಿಸದೆ ಕೂತು ಸಿಕ್ಕಿಬಿದ್ದರೆ ಮಾಮೂಲಿ ದರದ ತೆರಿಗೆ, ಬಡ್ಡಿ, ದಂಡ. ನೋಟಿಸಿನ ಮೊತ್ತಗಳು ಎದೆ ಒಡೆಯುವಷ್ಟು ದೊಡ್ಡದಾಗಿ ಕಂಡದ್ದಕ್ಕೆ ಇದೂ ಒಂದು ಕಾರಣ.

ಮಾವ ಹೆದರಿದ್ದ ತೆರಿಗೆ ತಿಂಗಳಿಗೆ ಎರಡು ಸಾವಿರ. ಕಳ್ಳ ಹತ್ತು ನಿಮಿಷದಲ್ಲಿ ಕಿತ್ತುಕೊಂಡದ್ದು ಆರು ತಿಂಗಳ ತೆರಿಗೆಯಷ್ಟು.

ಇಷ್ಟು ಲೆಕ್ಕ ಹೇಳಿದ ಮೇಲೂ ಮಾವ, ‘ಸ್ಕ್ಯಾನರ್ ಕಿತ್ತು ಬಿಸಾಕ್ತೀನಿ’ ಎಂದ. ಬಹಳ ಜನ ಹೀಗೇ ಯೋಚಿಸುತ್ತಿದ್ದಾರೆ. ನನ್ನ ಪ್ರಕಾರ ಇದು ನೆಗಡಿಗೆ ಮೂಗು ಕೊಯ್ದುಕೊಂಡ ಹಾಗೆ. ಜಿಎಸ್‌ಟಿಗೆ ನಗದೂ ಒಂದೇ, ಫೋನ್‌ಪೇಯೂ ಒಂದೇ. ಆದಾಯ ತೆರಿಗೆಗೆ ಬಂದರೆ ಫೋನ್‌ಪೇಯೇ ಲಾಭ. ಲೆಕ್ಕಪುಸ್ತಕ ಇಡದ ಸಣ್ಣ ವ್ಯಾಪಾರಿಗೆ ಅಂದಾಜು ಲಾಭದ ಪದ್ಧತಿ ಇದೆ. ಬ್ಯಾಂಕಿನ ಮೂಲಕ ಬಂದ ವ್ಯಾಪಾರಕ್ಕೆ ಕನಿಷ್ಠ ನೂರಕ್ಕೆ 6, ನಗದಿಗೆ ನೂರಕ್ಕೆ 8 ಲಾಭ ಎಂದು ತೋರಿಸಬಹುದು. ಮಾವನ 35 ಲಕ್ಷಕ್ಕೆ 2,10,000, ಎಂಟು ಲಕ್ಷಕ್ಕೆ 64,000, ಒಟ್ಟು 2,74,000. ನಿಜವಾದ ಲಾಭ ಇದಕ್ಕಿಂತ ಹೆಚ್ಚಿದ್ದರೆ ಹೆಚ್ಚೇ ತೋರಿಸಲಿ. 2025-26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಇಂಥ ಆದಾಯಕ್ಕೆ ರಿಯಾಯಿತಿ ಸೇರಿ ಆದಾಯ ತೆರಿಗೆ ಸೊನ್ನೆ. 43 ಲಕ್ಷ ವ್ಯಾಪಾರ ಎಂದರೆ 43 ಲಕ್ಷ ಆದಾಯ ಎಂದು ಹೆದರಿಸುವವನು ಒಂದೋ ತಿಳಿಯದವನು, ಇಲ್ಲವೇ ಕಳ್ಳ. ತೆರಿಗೆ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಿದ್ದರೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ತೋರಿಸಲು ಒಂದು ಕಾಗದವಾದರೂ ಇರುತ್ತದೆ.

ಈಗ ಕಳ್ಳರ ವಿಷಯ. ಅವರನ್ನು ಹಿಡಿಯುವ ಗುರುತುಗಳು ಕಷ್ಟದವಲ್ಲ. ತೆರಿಗೆ ಯಾವತ್ತೂ ಒಬ್ಬ ವ್ಯಕ್ತಿಯ ಫೋನ್ ನಂಬರಿಗೆ, ಅವನು ಕಳಿಸಿದ ಕ್ಯೂಆರ್ ಕೋಡಿಗೆ ಹೋಗುವುದಿಲ್ಲ. ಸರ್ಕಾರದ ಪೋರ್ಟಲಿನಲ್ಲಿ ಚಲನ್ ಹುಟ್ಟಬೇಕು, ನಿಮ್ಮ ಹೆಸರಿನ ರಸೀದಿ ಬರಬೇಕು. ಜಿಎಸ್‌ಟಿ ನೋಂದಣಿಗೆ ಸರ್ಕಾರಿ ಶುಲ್ಕವೇ ಇಲ್ಲ. ಅರ್ಜಿ ತುಂಬಿಕೊಟ್ಟವರಿಗೆ ಕೂಲಿ ಕೊಡಿ, ‘ಸರ್ಕಾರಿ ಫೀಸು’ ಎಂದು ಕೇಳಿದರೆ ಎದ್ದು ಬನ್ನಿ. ‘ನಿಮಗೆ ರೀಫಂಡ್ ಬಂದಿದೆ, ಲಿಂಕ್ ಒತ್ತಿ’ ಎಂಬ ಮೆಸೇಜು ಸುಳ್ಳು. ರೀಫಂಡ್ ನೀವು ಮೊದಲೇ ಕೊಟ್ಟ ಬ್ಯಾಂಕ್ ಖಾತೆಗೆ ತಾನಾಗಿ ಬರುತ್ತದೆ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಿಲ್ಲ, ಹೋಗುವುದಕ್ಕೆ ಮಾತ್ರ ಬೇಕು. ವಾಟ್ಸಾಪಿನಲ್ಲಿ ಬಂದ ‘ನೋಟಿಸ್’ ಎಂಬ ಆಪ್ ಫೈಲನ್ನು ಫೋನಿಗೆ ಹಾಕಿಕೊಳ್ಳಲೇಬೇಡಿ.

ಬಂದ ಕಾಗದ ಅಸಲಿಯೋ ನಕಲಿಯೋ ಎಂಬ ಅನುಮಾನ ಬಂದರೆ? ಆದಾಯ ತೆರಿಗೆಯ ನೋಟಿಸನ್ನು ಇ-ಫೈಲಿಂಗ್ ಪೋರ್ಟಲಿನಲ್ಲಿ ಲಾಗಿನ್ ಆಗದೆಯೇ ಪರೀಕ್ಷಿಸಬಹುದು. ಜಿಎಸ್‌ಟಿ ಪೋರ್ಟಲಿನ ಮೂಲಕ ಬಂದ ಕಾಗದಕ್ಕೆ ರೆಫರೆನ್ಸ್ ನಂಬರ್ ಇರುತ್ತದೆ, ಅಲ್ಲೇ ನೋಡಬಹುದು. ಇದೆಲ್ಲ ಬಾರದವರು ಕಾಗದ ಹಿಡಿದು ಹತ್ತಿರದ ಜಿಎಸ್‌ಟಿ ಕಚೇರಿಗೆ ನೇರ ಹೋಗಿ ಕೇಳಿ. ಕಾಗದದಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ ಕೇಳಬೇಡಿ. ನಕಲಿಯಾದರೆ ಆ ಕಡೆ ಕೂತಿರುವವನು ಕಳ್ಳನೇ. ಮೂಟೆಯ ಕೆಳಗೆ ಮಾತ್ರ ತಳ್ಳಬೇಡಿ. ಉತ್ತರ ಕೊಡದ ನೋಟಿಸಿಗೆ ಅಧಿಕಾರಿ ತನಗೆ ಕಂಡ ಲೆಕ್ಕವನ್ನೇ ಖಾಯಂ ಮಾಡುತ್ತಾನೆ.

ಇನ್ನೆರಡು ಮೋಸಗಳು ನಮ್ಮ ಹಳ್ಳಿಗಳಲ್ಲಿ ಸದ್ದಿಲ್ಲದೆ ನಡೆಯುತ್ತವೆ. ಒಂದು, ಸಾಲ ಕೊಡಿಸುತ್ತೇವೆ, ಕೆಲಸ ಕೊಡಿಸುತ್ತೇವೆ ಎಂದು ಆಧಾರ್, ಪ್ಯಾನ್ ಪ್ರತಿ ಮತ್ತು ಒಟಿಪಿ ಪಡೆದು ನಿಮ್ಮ ಹೆಸರಲ್ಲಿ ಒಂದು ಕಂಪನಿಯನ್ನೇ ತೆರೆಯುವುದು. ಕೂಲಿಯವನಿಗೆ ಕೋಟಿ ರೂಪಾಯಿಯ ನೋಟಿಸ್ ಬರುವುದು ಹೀಗೆ. ನಿಮ್ಮ ಪ್ಯಾನ್ ಮೇಲೆ ಯಾವ ಜಿಎಸ್‌ಟಿ ನೋಂದಣಿ ಇದೆ ಎಂದು ಪೋರ್ಟಲಿನಲ್ಲಿ ಪ್ಯಾನ್ ನಂಬರ್ ಹಾಕಿ ಪುಕ್ಕಟೆಯಾಗಿ ನೋಡಬಹುದು. ಇವತ್ತೇ ನೋಡಿ. ಇನ್ನೊಂದು, ಸಂಬಳದವರಿಗೆ ‘ಪೂರ್ತಿ ರೀಫಂಡ್ ತೆಗೆಸಿಕೊಡ್ತೀನಿ, ನನಗೆ ಇಷ್ಟು ಪರ್ಸೆಂಟ್’ ಎನ್ನುವ ಏಜೆಂಟರು. ಇಲ್ಲದ ಬಾಡಿಗೆ, ಕೊಡದ ದೇಣಿಗೆ, ಕಟ್ಟದ ವಿಮೆ ತೋರಿಸುತ್ತಾರೆ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ದೇಶದ 150 ಕಡೆ ಇಂಥವರ ಮೇಲೆ ಪರಿಶೀಲನೆ ನಡೆಸಿತು. ಸಿಕ್ಕಿಬಿದ್ದಾಗ ಪ್ಯಾನ್ ನಿಮ್ಮದು, ದಂಡವೂ ನಿಮ್ಮದು. ತಪ್ಪಿಸಿದ ತೆರಿಗೆಯ ಎರಡು ಪಟ್ಟಿನವರೆಗೆ. ಈಗಾಗಲೇ ಹಾಗೆ ಮಾಡಿಸಿದ್ದರೆ, ನೋಟಿಸ್ ಬರುವ ಮೊದಲೇ ಪರಿಷ್ಕೃತ ರಿಟರ್ನ್ ಸಲ್ಲಿಸಿ ತಿದ್ದಿಕೊಳ್ಳುವ ದಾರಿ ಇದೆ. ಒಬ್ಬ ಒಳ್ಳೆಯ ಲೆಕ್ಕಪರಿಶೋಧಕರನ್ನು ಕಾಣಿ.

ಮೋಸವಾಗಿದೆ ಎಂದು ಗೊತ್ತಾದ ಕ್ಷಣ 1930ಕ್ಕೆ ಕರೆ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಗಂಟೆಗಳಲ್ಲೇ. ಮಾವ ಎರಡು ತಿಂಗಳು ಸುಮ್ಮನಿದ್ದ. ನಾಚಿಕೆ. ‘ಊರಿಗೆಲ್ಲ ಲೆಕ್ಕ ಹೇಳೋನು ನಾನು, ನನಗೇ ಟೋಪಿ ಹಾಕಿದ್ರು ಅಂತ ಹೇಗೆ ಹೇಳಲಿ?’ ಈ ನಾಚಿಕೆಯನ್ನು ನಾವು ತೆಗೆಯಬೇಕು. ಮೋಸ ಹೋದವನನ್ನು ನೋಡಿ ನಗುವ ಊರಿನಲ್ಲಿ ಕಳ್ಳ ನೆಮ್ಮದಿಯಿಂದ ಇರುತ್ತಾನೆ.

ಸರ್ಕಾರಕ್ಕೆ ನನ್ನ ಬೇಡಿಕೆ ಚಿಕ್ಕದು. ಕರ್ನಾಟಕದ ಅಂಗಡಿಯವನಿಗೆ ಹೋಗುವ ಪ್ರತಿ ತೆರಿಗೆ ಕಾಗದದ ಮೊದಲ ಪುಟ ಕನ್ನಡದಲ್ಲಿರಲಿ. ಇದು ಏನು, ಯಾಕೆ ಬಂದಿದೆ, ಯಾವ ದಿನದೊಳಗೆ ಉತ್ತರ ಕೊಡಬೇಕು, ಅಸಲಿ ಎಂದು ಎಲ್ಲಿ ನೋಡಬೇಕು, ಯಾವ ಕಚೇರಿಗೆ ಬರಬೇಕು ಎಂಬ ಐದು ಸಾಲು ಸಾಕು. ಕಲಮುಗಳನ್ನು ಹಿಂದಿನ ಪುಟಕ್ಕೆ ಹಾಕಿಕೊಳ್ಳಲಿ. ಗ್ರಾಮ ಪಂಚಾಯಿತಿಯಲ್ಲಿ ತಿಂಗಳಿಗೊಂದು ದಿನ ಯಾರಾದರೂ ಕೂತು ಕಾಗದ ಓದಿ ಹೇಳಲಿ. ತೆರಿಗೆ ಕೇಳುವ ಹಕ್ಕು ಸರ್ಕಾರಕ್ಕಿದೆ. ಏನು ಕೇಳುತ್ತಿದೆ ಎಂದು ತಿಳಿಯುವ ಹಕ್ಕು ಕಟ್ಟುವವನಿಗೂ ಇದೆ.

ಅಲ್ಲಿಯವರೆಗೆ ಓದಿದವರು ನಾವಿದ್ದೇವಲ್ಲ. ಈ ಸಲ ಊರಿಗೆ ಹೋದಾಗ ಅಂಗಡಿಗೆ ಹೋಗಿ ‘ಯಾವುದಾದರೂ ಕಾಗದ ಬಂದಿದೆಯಾ?’ ಎಂದು ಒಂದು ಮಾತು ಕೇಳಿ. ಅಂಗಡಿಗೊಂದು, ಮನೆಗೊಂದು ಬೇರೆ ಬೇರೆ ಬ್ಯಾಂಕ್ ಖಾತೆ ಮಾಡಿಸಿ. ಖರೀದಿ ಬಿಲ್ಲುಗಳನ್ನು ಒಂದು ಡಬ್ಬಕ್ಕೆ ಹಾಕಿಡಲು ಹೇಳಿ.

ಮಾವನ ಕಾಗದಕ್ಕೆ ಉತ್ತರ ಕೊಟ್ಟಾಗಿದೆ. ಚೀಟಿಯ ಲೆಕ್ಕ, ಮಗನ ದುಡ್ಡು, ಹಾಲಿನ ಬಿಲ್ಲು ಎಲ್ಲ ಲಗತ್ತಿಸಿದ್ದೇವೆ. ಅದೇನಾಗುತ್ತದೋ ಕಾದು ನೋಡಬೇಕು. ನೋಂದಣಿಯೂ ಆಯಿತು, ಅಂಗಡಿಯ ಮುಂದೆ ನಂಬರಿನ ಬೋರ್ಡು ಬಿದ್ದಿದೆ. ಸ್ಕ್ಯಾನರ್ ಹಾಗೇ ಇದೆ. ಮೊನ್ನೆ ಮತ್ತೆ ಯಾರೋ ಫೋನು ಮಾಡಿ ‘ಅಣ್ಣಾ, ಜಿಎಸ್‌ಟಿ ಆಫೀಸಿಂದ’ ಎಂದರಂತೆ. ಮಾವ, ‘ಇರಪ್ಪಾ, ನಾನೇ ಆಫೀಸಿಗೆ ಬರ್ತೀನಿ, ಎಷ್ಟನೇ ಮಹಡಿ ಹೇಳು’ ಎಂದನಂತೆ. ಆ ಕಡೆಯವನು ಫೋನಿಟ್ಟನಂತೆ.